ಸ್ಟೀರಾಯ್ಡ್ ನಮ್ಮ ಮಗುವಿಗೆ ಕೆಲಸ ಮಾಡುತ್ತದಾ ಅಂತ ರಕ್ತ ಪರೀಕ್ಷೆಯಲ್ಲಿ ಮೊದಲೇ ತಿಳಿಯುತ್ತದಾ?

ಶಿರಾ ಅಮ್ಮ
ಭಾನುವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಇವತ್ತು ಕೇಳಲೇಬೇಕು ಅನ್ನಿಸಿತು.

ನನ್ನ ಮಗನಿಗೆ 6 ವರ್ಷ 4 ತಿಂಗಳು. ಡಿಎಂಡಿ, ಅಂದರೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯು ದಿನೇ ದಿನೇ ಬಲ ಕಳೆದುಕೊಳ್ಳುವ ಜೀನ್ ಕಾಯಿಲೆ. ಜೀನ್ ರಿಪೋರ್ಟ್‌ನಲ್ಲಿ 45ರಿಂದ 50ರವರೆಗಿನ ಎಕ್ಸಾನ್, ಅಂದರೆ ಜೀನ್ ತುಂಡುಗಳು, ಇಲ್ಲ ಅಂತ ಬಂದಿದೆ. ಎಂಟು ತಿಂಗಳಿಂದ ಡೆಫ್ಲಾಜಾಕಾರ್ಟ್ ಅನ್ನುವ ಸ್ಟೀರಾಯ್ಡ್ ಕೊಡುತ್ತಿದ್ದೇವೆ. ತೂಕ 20 ಕೆಜಿ. ಬೆಳಿಗ್ಗೆ ತಿಂಡಿ ಆದ ಮೇಲೆ 6 ಮಿ.ಗ್ರಾಂನ ಮೂರು ಮಾತ್ರೆ.

ಮಧುಗಿರಿಯಲ್ಲಿರುವ ನಮ್ಮಕ್ಕನ ಮಗನಿಗೂ ಇದೇ ಕಾಯಿಲೆ. ಅವನಿಗೆ ಒಂಬತ್ತೂವರೆ. ಅವನ ರಿಪೋರ್ಟ್‌ನಲ್ಲೂ ಅದೇ 45ರಿಂದ 50. ಅದೇ ಮಾತ್ರೆ, ಅವನೂ 6ನೇ ವಯಸ್ಸಿಗೇ ಶುರು ಮಾಡಿದ್ದು. ನನ್ನ ಮಗ ಮಾತ್ರೆ ಶುರುವಾದ ಮೇಲೆ ಬಸ್ಸಿನ ಮೆಟ್ಟಿಲು ತಾನೇ ಹತ್ತುತ್ತಾನೆ. ಅಕ್ಕನ ಮಗ ಈಗ ದಿನಕ್ಕೆ ಎರಡು ಸಲ ಬೀಳುತ್ತಾನೆ, ಮುಖ ಊದಿಕೊಂಡಿದೆ. ಒಂದೇ ಅಜ್ಜಿಯ ಮೊಮ್ಮಕ್ಕಳು. ಯಾಕೆ ಹೀಗೆ?

ಇನ್ನೊಂದು ಭಯ. ಮಗನ ರಕ್ತದಲ್ಲಿ ಸಿಪಿಕೆ (ಸ್ನಾಯುವಿನ ಕಿಣ್ವ) ಮಾತ್ರೆಗೆ ಮೊದಲು 14,200 ಇತ್ತು. ಮೂರು ತಿಂಗಳಿಗೆ 11,600. ಹೋದ ವಾರ 15,900. ರಿಪೋರ್ಟ್ ಕೊಡುವಾಗ ಲ್ಯಾಬಿನವರು "ಜಾಸ್ತಿ ಆಗಿದೆಯಲ್ಲಮ್ಮ" ಅಂದರು. ಅವತ್ತಿನಿಂದ ನಿದ್ದೆ ಇಲ್ಲ. ಮಾತ್ರೆ ಕೆಲಸ ನಿಲ್ಲಿಸಿತಾ? ಯಾವ ಮಗುವಿಗೆ ಸ್ಟೀರಾಯ್ಡ್ ಹಿಡಿಯುತ್ತದೆ, ಯಾವ ಮಗುವಿಗೆ ಹಿಡಿಯುವುದಿಲ್ಲ ಅಂತ ಹೇಳುವ ಬಯೋಮಾರ್ಕರ್, ಅಂದರೆ ರಕ್ತದಲ್ಲಿ ಅಳೆಯುವ ಗುರುತು, ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ? ಎಲ್ಲಿ ಮಾಡುತ್ತಾರೆ?


ತಿಪಟೂರು ಅಣ್ಣ
ಭಾನುವಾರ ರಾತ್ರಿ 10:52

ತಾಯಿ, ಬೇರೆಯವರು ವಿವರವಾಗಿ ಹೇಳುತ್ತಾರೆ. ಅದಕ್ಕೆ ಮೊದಲು ನನ್ನದೊಂದು ಮಾತು. ಸಿಪಿಕೆ ನೋಡಿ ಮಾತ್ರೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದವನು.

ನನ್ನ ಮಗನಿಗೆ ಈಗ 21. ಅವನಿಗೆ 7 ವರ್ಷ ಇದ್ದಾಗ ಪ್ರೆಡ್ನಿಸೊಲೋನ್ ಶುರು ಮಾಡಿದ್ದೆವು, ಅದೂ ಸ್ಟೀರಾಯ್ಡೇ. ಆರು ತಿಂಗಳಿಗೆ ಸಿಪಿಕೆ 9 ಸಾವಿರದಿಂದ 13 ಸಾವಿರಕ್ಕೆ ಹೋಯಿತು. ಆಗ ತೋರಿಸುತ್ತಿದ್ದ ಕಡೆ "ಇವನಿಗೆ ಇದು ಹಿಡಿಯುತ್ತಿಲ್ಲ, ಸುಮ್ನೆ ಮೂಳೆ ಯಾಕೆ ಹಾಳು ಮಾಡುತ್ತೀರಿ" ಅಂದರು. ನನಗೂ ಒಳಗೊಳಗೆ ಆ ಮಾತೇ ಬೇಕಿತ್ತು. ಸ್ಟೀರಾಯ್ಡ್ ಅಂದರೆ ಅಷ್ಟು ಹೆದರಿಕೆ. ನಿಲ್ಲಿಸಿಬಿಟ್ಟೆ.

ಆಗ ಅವನು ನಮ್ಮ ಅಂಗಳದಲ್ಲಿ ಸುಲಿದ ಕಾಯಿ ರಾಶಿ ಹಿಡಿದುಕೊಂಡು ಆ ಕಡೆಯಿಂದ ಈ ಕಡೆ ಬರುತ್ತಿದ್ದ. ಮಾರನೇ ವರ್ಷದ ಕೊಯ್ಲಿಗೆ ರಾಶಿ ಇತ್ತು, ಅವನು ಜಗಲಿ ಮೇಲೆ ಕೂತಿದ್ದ. ಮುಂದುವರಿಸಿದ್ದರೆ ಎಷ್ಟು ದಿನ ನಡೆಯುತ್ತಿದ್ದ ಅಂತ ಹೇಳುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಆದರೆ ಸಿಪಿಕೆ ನೋಡಿ ತೀರ್ಮಾನ ಮಾಡಬಾರದಿತ್ತು ಅಂತ ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ತಿಳಿಯಿತು.

ಕಾಯಿಲೆ ಗೊತ್ತಾಗುವುದಕ್ಕೆ ಮೊದಲೂ ನಾವು ಒಂದು ವರ್ಷ ಸುತ್ತಿದ್ದೆವು. ಎಸ್‌ಜಿಪಿಟಿ ಜಾಸ್ತಿ ಇದೆ, ಲಿವರ್ ತೊಂದರೆ ಅಂತ ಕಾಮಾಲೆಗೆ ನಾಟಿ ಔಷಧಿ ಕೊಡಿಸಿದೆವು. ಆ ಎಸ್‌ಜಿಪಿಟಿ ಸ್ನಾಯುವಿನಿಂದಲೂ ಬರುತ್ತದಂತೆ. ಒಂದು ನಂಬರ್ ಎಲ್ಲಿಂದ ಬಂತು ಅಂತ ಕೇಳದೆ ಎರಡು ಸಲ ಮೋಸ ಹೋಗಿದ್ದೇನೆ. ಅದಕ್ಕೆ ಇಷ್ಟು ಬರೆದೆ.


ಗುಬ್ಬಿ ಹುಡುಗ
ಸೋಮವಾರ ಬೆಳಿಗ್ಗೆ 7:05

ಅಕ್ಕ, ನಾನು ಗುಬ್ಬಿಯವನು. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ರಕ್ತದ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡುತ್ತೇನೆ. ವೈದ್ಯನಲ್ಲ. ಈ ವಿಷಯ ನನ್ನ ದಿನದ ಕೆಲಸಕ್ಕೆ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸಿಪಿಕೆ. ಅದು ಸ್ನಾಯುವಿನ ಒಳಗೆ ಇರಬೇಕಾದದ್ದು. ನಮ್ಮ ಮಕ್ಕಳಲ್ಲಿ ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್ ಇಲ್ಲದೆ ಸ್ನಾಯುವಿನ ಪೊರೆ ಹರಿಯುತ್ತದೆ, ಸಿಪಿಕೆ ರಕ್ತಕ್ಕೆ ಸೋರುತ್ತದೆ. ಹಿಂದಿನ ದಿನ ಜಾತ್ರೆಯಲ್ಲಿ ಓಡಾಡಿದ್ದರೆ ಏರುತ್ತದೆ. ಎರಡು ದಿನ ಜ್ವರ ಬಂದು ಮಲಗಿದ್ದರೆ ಇಳಿಯುತ್ತದೆ. ನಿಮ್ಮ ಮಗ ಈಗ ಮೆಟ್ಟಿಲು ಹತ್ತುತ್ತಾನೆ, ಜಾಸ್ತಿ ಓಡಾಡುತ್ತಾನೆ. 11 ಸಾವಿರದಿಂದ 15 ಸಾವಿರ ಆಗಲು ಅಷ್ಟು ಸಾಕು. ವಯಸ್ಸಾದಂತೆ ಸಿಪಿಕೆ ತಾನಾಗಿಯೇ ಇಳಿಯುತ್ತದೆ, ಯಾಕೆಂದರೆ ಸೋರುವುದಕ್ಕೆ ಸ್ನಾಯುವೇ ಕಡಿಮೆ ಆಗಿರುತ್ತದೆ. ಅಂದರೆ ಏರಿದರೆ ಕೆಟ್ಟದ್ದು ಅಂತಲೂ ಅಲ್ಲ, ಇಳಿದರೆ ಒಳ್ಳೆಯದು ಅಂತಲೂ ಅಲ್ಲ. ಕಾಯಿಲೆ ಪತ್ತೆ ಮಾಡಲು ಅದು ಬಹಳ ಉಪಯೋಗದ್ದು. ಮಾತ್ರೆ ಹಿಡಿಯಿತಾ ಅಂತ ಅಳೆಯಲು ಉಪಯೋಗಕ್ಕೆ ಬಾರದ್ದು.

ಈಗ ಬಯೋಮಾರ್ಕರ್. ಅದು ಒಂದೇ ಪದ, ಆದರೆ ಅದರೊಳಗೆ ಬೇರೆ ಬೇರೆ ಪ್ರಶ್ನೆಗಳಿವೆ. ನಮ್ಮ ಕಡೆಯ ಬೋರ್‌ವೆಲ್ ಇಟ್ಟುಕೊಂಡು ಹೇಳುತ್ತೇನೆ. ಕೊರೆಸುವ ಮೊದಲೇ ಇಲ್ಲಿ ನೀರು ಬೀಳುತ್ತದೆ ಅಂತ ಹೇಳುವುದು ಒಂದು. ಮೋಟರ್ ಹಾಕಿದ ಮೇಲೆ ಕರೆಂಟ್ ಮೀಟರ್ ಓಡುತ್ತಿದೆಯಾ ಅಂತ ನೋಡುವುದು ಇನ್ನೊಂದು. ಮೀಟರ್ ಓಡಿದರೆ ಮೋಟರಿಗೆ ಕರೆಂಟ್ ಬಂದಿದೆ ಅಂತ ಗೊತ್ತಾಗುತ್ತದೆ ಅಷ್ಟೆ. ತೆಂಗಿನ ಬುಡಕ್ಕೆ ನೀರು ಹೋಯಿತಾ ಅಂತ ಮೀಟರ್ ಹೇಳುವುದಿಲ್ಲ.

ಸ್ಟೀರಾಯ್ಡ್ ವಿಷಯದಲ್ಲಿ ವಿಜ್ಞಾನಿಗಳಿಗೆ ಇಲ್ಲಿಯವರೆಗೆ ಚೆನ್ನಾಗಿ ಸಿಕ್ಕಿರುವುದು ಈ ಮೀಟರ್. ಸ್ವಲ್ಪವೇ ರಕ್ತದಲ್ಲಿ ಸಾವಿರಕ್ಕೂ ಹೆಚ್ಚು ಪ್ರೋಟೀನ್ ಒಟ್ಟಿಗೆ ಅಳೆಯುವ ತಂತ್ರ ಬಂದಿದೆ. 2016ರ ಒಂದು ಅಧ್ಯಯನದಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳುವ ಡಿಎಂಡಿ ಮಕ್ಕಳ ರಕ್ತದ ಜೊತೆಗೆ, ಕರುಳಿನ ಉರಿಯೂತಕ್ಕೆ ಅದೇ ಜಾತಿಯ ಔಷಧಿ ತೆಗೆದುಕೊಳ್ಳುವ ಮಕ್ಕಳ ರಕ್ತವನ್ನೂ ಹೀಗೆ ನೋಡಿದರು. ಎರಡು ಕಡೆಯೂ ಕೆಲವು ಪ್ರೋಟೀನ್ ಒಂದೇ ರೀತಿ ಬದಲಾದವು. ಎಂಎಂಪಿ-3 ಏರಿತು, ಉರಿಯೂತಕ್ಕೆ ಸಂಬಂಧಪಟ್ಟ ಸಿಸಿಎಲ್22 ಇಳಿಯಿತು. ಸಕ್ಕರೆ, ಹಸಿವು, ಮೂಳೆಗೆ ಸಂಬಂಧಪಟ್ಟವೂ ಅಲುಗಾಡಿದವು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ ಅಕ್ಕ. ಕರುಳಿನ ಕಾಯಿಲೆಯ ಮಗುವಿನಲ್ಲೂ ಅದೇ ಬದಲಾವಣೆ ಆಗುತ್ತದೆ ಅಂದರೆ, ಆ ಮಾರ್ಕರ್ ಔಷಧಿಯ ಬಗ್ಗೆ ಹೇಳುತ್ತಿದೆ, ನಿಮ್ಮ ಮಗನ ಕಾಲಿನ ಬಗ್ಗೆ ಅಲ್ಲ. ವಾಟ್ಸಾಪ್ ಮೆಸೇಜಿನಲ್ಲಿ ಈ ಎರಡನ್ನೂ ಕಲಸಿರುತ್ತಾರೆ. "ಸ್ಟೀರಾಯ್ಡ್ ಪರಿಣಾಮ ತೋರಿಸುವ ಮಾರ್ಕರ್ ಸಿಕ್ಕಿದೆ" ಅನ್ನುವುದು ನಿಜ. "ಯಾರಿಗೆ ಹಿಡಿಯುತ್ತದೆ ಅಂತ ಮೊದಲೇ ಹೇಳುವ ಮಾರ್ಕರ್ ಸಿಕ್ಕಿದೆ" ಅನ್ನುವುದು ಬೇರೆಯೇ ಮಾತು.


ಶಿರಾ ಅಮ್ಮ
ಸೋಮವಾರ ಬೆಳಿಗ್ಗೆ 9:30

ತಿಪಟೂರು ಅಣ್ಣ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ಮಾತ್ರೆ ನಿಲ್ಲಿಸುವುದಿಲ್ಲ.

ಗುಬ್ಬಿ ತಮ್ಮ, ಸಿಪಿಕೆ ವಿಷಯ ಸಮಾಧಾನ ಆಯಿತು. ರಕ್ತ ಕೊಟ್ಟ ಹಿಂದಿನ ದಿನ ಊರಲ್ಲಿ ನಾಮಕರಣ ಇತ್ತು, ಇಡೀ ದಿನ ಮಕ್ಕಳ ಜೊತೆ ಆಡಿದ್ದ. ಆದರೆ ಅಕ್ಕನ ಮಗನ ವಿಷಯ? ಒಂದೇ ಜೀನ್ ತಪ್ಪು ಇದ್ದೂ ಯಾಕೆ ಬೇರೆ ಬೇರೆ?


ಗುಬ್ಬಿ ಹುಡುಗ
ಸೋಮವಾರ ಮಧ್ಯಾಹ್ನ 1:20

ಒಳ್ಳೆ ಪ್ರಶ್ನೆ ಅಕ್ಕ. ಇದೇ ಪ್ರಶ್ನೆಯ ಹಿಂದೆ ಹದಿನೈದು ವರ್ಷದಿಂದ ಜನ ಬಿದ್ದಿದ್ದಾರೆ.

ಡಿಸ್ಟ್ರೋಫಿನ್ ಜೀನ್ ಎಕ್ಸ್ ಕ್ರೋಮೊಸೋಮ್‌ನಲ್ಲಿದೆ. ಇಬ್ಬರು ಹುಡುಗರಿಗೂ ಅದು ಅಜ್ಜಿಯಿಂದ ಬಂತು. ಆದರೆ ಮಿಕ್ಕ ಜೀನ್‌ಗಳಲ್ಲಿ ಅರ್ಧ ಅವರವರ ಅಪ್ಪನಿಂದ ಬಂದಿವೆ. ಅವುಗಳಲ್ಲಿ ಕೆಲವು ಕಾಯಿಲೆಯ ವೇಗವನ್ನು ಸ್ವಲ್ಪ ಆ ಕಡೆ ಈ ಕಡೆ ತಳ್ಳುತ್ತವೆ.

2011ರಲ್ಲಿ ಮೊದಲು ಸಿಕ್ಕಿದ್ದು ಎಸ್‌ಪಿಪಿ1. ಅದು 4ನೇ ಕ್ರೋಮೊಸೋಮ್‌ನಲ್ಲಿದೆ, ಆಸ್ಟಿಯೋಪಾಂಟಿನ್ ಅನ್ನುವ ಪ್ರೋಟೀನ್ ಮಾಡುತ್ತದೆ. ಅದರ ಒಂದು ರೂಪ ಇದ್ದ ಹುಡುಗರು ಸ್ವಲ್ಪ ಬೇಗ ನಡಿಗೆ ಕಳೆದುಕೊಂಡರು. ಆಮೇಲೆ ದೊಡ್ಡ ಗುಂಪಿನಲ್ಲಿ ನೋಡಿದಾಗ ಈ ವ್ಯತ್ಯಾಸ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಮಾತ್ರ ಕಂಡಿತು. ಅದಕ್ಕೇ ಇದು ಸ್ಟೀರಾಯ್ಡ್ ಹಿಡಿಯುವುದಕ್ಕೆ ಸಂಬಂಧಪಟ್ಟದ್ದು ಇರಬಹುದು ಅಂತ ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಯುರೋಪಿನ ಐದು ಕೇಂದ್ರಗಳ ಹುಡುಗರಲ್ಲಿ ನೋಡಿದಾಗ ಅದು ಗಟ್ಟಿಯಾಗಿ ನಿಲ್ಲಲಿಲ್ಲ.

2013ರಲ್ಲಿ ಇನ್ನೊಂದು, ಎಲ್‌ಟಿಬಿಪಿ4. ಅದು 19ನೇ ಕ್ರೋಮೊಸೋಮ್‌ನಲ್ಲಿದೆ. ಸ್ನಾಯುವಿನ ಜಾಗದಲ್ಲಿ ನಾರು ಬೆಳೆಸುವ ಟಿಜಿಎಫ್-ಬೀಟಾ ಅನ್ನುವ ಪದಾರ್ಥವನ್ನು ಹಿಡಿದಿಡುವ ಪ್ರೋಟೀನ್ ಇದು. 254 ಜನರಲ್ಲಿ ನೋಡಿದ್ದರು. ಸ್ಟೀರಾಯ್ಡ್ ತೆಗೆದುಕೊಂಡವರ ಪೈಕಿ, ಅಪ್ಪ ಅಮ್ಮ ಇಬ್ಬರಿಂದಲೂ ಒಳ್ಳೆಯ ರೂಪ ಬಂದವರು ಸರಾಸರಿ 12.5 ವರ್ಷದವರೆಗೆ ನಡೆದರು, ಉಳಿದವರು 10.7 ವರ್ಷ. ಇದು ಬೇರೆ ಕಡೆಯೂ ನಿಂತಿದೆ.

ಇಷ್ಟು ಓದಿ "ಹಾಗಾದರೆ ಎಲ್‌ಟಿಬಿಪಿ4 ಟೆಸ್ಟ್ ಮಾಡಿಸೋಣ" ಅನ್ನಿಸುತ್ತದೆ. ಬೇಡ ಅಕ್ಕ. 12.5 ಅನ್ನುವುದು ಸರಾಸರಿ. ಆ ಗುಂಪಿನಲ್ಲೇ 9ಕ್ಕೆ ನಿಂತವರೂ ಇದ್ದಾರೆ, 15 ದಾಟಿದವರೂ ಇದ್ದಾರೆ. ಒಂದು ಮಗುವನ್ನು ಮುಂದೆ ಕೂರಿಸಿಕೊಂಡು ನಿನಗೆ ಇಷ್ಟು ವರ್ಷ ಅಂತ ಹೇಳಲು ಆಗುವುದಿಲ್ಲ. ಮುಖ್ಯವಾದದ್ದು ಇದು: ಆ ರಿಪೋರ್ಟ್ ಹೇಗೇ ಬಂದರೂ ವೈದ್ಯರು ಸ್ಟೀರಾಯ್ಡ್ ಕೊಡುವುದನ್ನು ಬಿಡುವುದಿಲ್ಲ. ಕೆಟ್ಟ ರೂಪ ಇದ್ದವರಿಗೂ ಮಾತ್ರೆಯಿಂದ ಲಾಭ ಇದೆ. ಚಿಕಿತ್ಸೆ ಬದಲಿಸದ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಅದೇ ದುಡ್ಡಲ್ಲಿ ಮಗುವಿನ ಕಣ್ಣು ತೋರಿಸಿ, ಹೃದಯದ ಎಕೋ ಮಾಡಿಸಿ, ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಮಾಡಿಸಿ.

ನಿಮ್ಮ ಅಮ್ಮನಿಗೆ ಇನ್ನೂ ಹೆಣ್ಣು ಮಕ್ಕಳಿದ್ದರೆ ಅವರಿಗೂ ಜೀನ್ ಪರೀಕ್ಷೆ ಮಾಡಿಸಿ. ಆ ಟೆಸ್ಟ್ ಮಾತ್ರ ನಿಜವಾಗಿ ಬೇಕು. ನೀವೂ, ಅಕ್ಕನೂ ಆಗಾಗ ಹೃದಯ ತೋರಿಸಿಕೊಳ್ಳಿ. ತಪ್ಪು ಜೀನ್ ಹೊತ್ತ ತಾಯಂದಿರಿಗೂ ಹೃದಯದ ತೊಂದರೆ ಬರಬಹುದು.


ತುರುವೇಕೆರೆ ಫಾರ್ಮಸಿಸ್ಟ್
ಸೋಮವಾರ ಸಂಜೆ 6:45

ಅಮ್ಮ, ಜೀನ್ ವಿಷಯ ಆಮೇಲೆ ಇರಲಿ. ಅಕ್ಕನ ಮಗನ ತೂಕ ಈಗ ಎಷ್ಟು? ದಿನಕ್ಕೆ ಎಷ್ಟು ಮಾತ್ರೆ?


ಶಿರಾ ಅಮ್ಮ
ಸೋಮವಾರ ರಾತ್ರಿ 8:10

ಅಕ್ಕನಿಗೆ ಫೋನ್ ಮಾಡಿ ಕೇಳಿದೆ ಸರ್. ತೂಕ 31 ಕೆಜಿ. ಮಾತ್ರೆ ಅದೇ 18 ಮಿ.ಗ್ರಾಂ, ಮೂರು ವರ್ಷದಿಂದ ಅದೇ. ಮುಖ ಊದುತ್ತಿದೆ ಅಂತ ಭಾನುವಾರ ಕೊಡುವುದಿಲ್ಲವಂತೆ. ಎರಡು ವರ್ಷದಿಂದ ಬೆಂಗಳೂರಿಗೆ ಹೋಗಿಲ್ಲ. ಮಧುಗಿರಿಯಲ್ಲೇ ಹಳೇ ಚೀಟಿ ತೋರಿಸಿ ತೆಗೆದುಕೊಳ್ಳುತ್ತಾರೆ.


ತುರುವೇಕೆರೆ ಫಾರ್ಮಸಿಸ್ಟ್
ಸೋಮವಾರ ರಾತ್ರಿ 8:38

ಅದನ್ನೇ ಅಂದುಕೊಂಡೆ.

ಡೆಫ್ಲಾಜಾಕಾರ್ಟ್ ಲೆಕ್ಕ ಒಂದು ಕೆಜಿಗೆ 0.9 ಮಿ.ಗ್ರಾಂ. ನಿಮ್ಮ ಮಗನಿಗೆ 20 ಕೆಜಿಗೆ 18, ಸರಿಯಾಗಿದೆ. ಅವನಿಗೆ 31 ಕೆಜಿಗೆ 18 ಅಂದರೆ ಕೆಜಿಗೆ 0.58. ಮೇಲೆ ಭಾನುವಾರ ಇಲ್ಲ. ಅಂದರೆ ಇಬ್ಬರಿಗೂ ಒಂದೇ ಮಾತ್ರೆ ಅಲ್ಲಮ್ಮ. ಡಬ್ಬದ ಮೇಲಿನ ಹೆಸರು ಮಾತ್ರ ಒಂದೇ.

ಕೆಲವು ಸಲ ತೂಕ ಜಾಸ್ತಿ ಆದಾಗ, ಅಡ್ಡ ಪರಿಣಾಮ ಜಾಸ್ತಿ ಆದಾಗ ವೈದ್ಯರೇ ಬೇಕೆಂದು ಕಡಿಮೆ ಇಡುತ್ತಾರೆ. ಅದು ಅವರು ನೋಡಿ ಮಾಡುವ ತೀರ್ಮಾನ. ಇಲ್ಲಿ ಯಾರೂ ನೋಡಿಲ್ಲ. ದಯವಿಟ್ಟು ನೀವೇ ಮಾತ್ರೆ ಜಾಸ್ತಿ ಮಾಡಬೇಡಿ. ಹುಡುಗನನ್ನು ಕರೆದುಕೊಂಡು ಹೋಗಿ ತೋರಿಸಿ.

ದಿನಾ ಕೊಡುವುದಕ್ಕೂ ಬಿಟ್ಟು ಬಿಟ್ಟು ಕೊಡುವುದಕ್ಕೂ ವ್ಯತ್ಯಾಸ ಇದೆ ಅಂತ ಗಟ್ಟಿ ಪುರಾವೆ ಇದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4ರಿಂದ 7 ವರ್ಷದ 196 ಹುಡುಗರಿಗೆ ಮೂರು ವರ್ಷ ಕೊಟ್ಟು ನೋಡಿದರು. ದಿನಾ ಪ್ರೆಡ್ನಿಸೋನ್, ದಿನಾ ಡೆಫ್ಲಾಜಾಕಾರ್ಟ್, ಹತ್ತು ದಿನ ಕೊಟ್ಟು ಹತ್ತು ದಿನ ಬಿಡುವ ಪ್ರೆಡ್ನಿಸೋನ್. ದಿನಾ ತೆಗೆದುಕೊಂಡ ಎರಡು ಗುಂಪೂ ಬಿಟ್ಟು ತೆಗೆದುಕೊಂಡವರಿಗಿಂತ ಚೆನ್ನಾಗಿದ್ದವು.

ಬೇರೆ ಔಷಧಿಯನ್ನೂ ಕೇಳಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್ ಇವು ಡೆಫ್ಲಾಜಾಕಾರ್ಟ್ ಅನ್ನು ಬೇಗ ಕರಗಿಸಿಬಿಡುತ್ತವೆ. ಕ್ಲಾರಿಥ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್, ಗ್ರೇಪ್‌ಫ್ರೂಟ್ ರಸ ಇವು ರಕ್ತದಲ್ಲಿ ಅದನ್ನು ಏರಿಸುತ್ತವೆ. ಗ್ರೇಪ್‌ಫ್ರೂಟ್ ನಮ್ಮ ಕಡೆ ಅಷ್ಟಾಗಿ ಸಿಗುವುದಿಲ್ಲ. ಆದರೆ ಅದು ಚಕ್ಕೋತ ಮತ್ತು ಕಿತ್ತಳೆ ಸೇರಿ ಹುಟ್ಟಿದ ಹಣ್ಣು. ದೇವನಹಳ್ಳಿ ಕಡೆಯಿಂದ ಯಾರಾದರೂ ಚಕ್ಕೋತ ತಂದುಕೊಟ್ಟರೆ ಈ ಮಕ್ಕಳಿಗೆ ಬೇಡ ಅನ್ನಿ.

ಇನ್ನೊಂದು, ಇದನ್ನು ಎಲ್ಲರೂ ಓದಿ. ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡ್ ಅನ್ನು ಒಂದೇ ಸಲ ನಿಲ್ಲಿಸಬಾರದು. ದೇಹ ತಾನು ಮಾಡಬೇಕಾದ ಸ್ಟೀರಾಯ್ಡ್ ಮಾಡುವುದನ್ನು ನಿಲ್ಲಿಸಿರುತ್ತದೆ. ಹಠಾತ್ ನಿಲ್ಲಿಸಿದರೆ ಬಿಪಿ ಬಿದ್ದು ಜೀವಕ್ಕೇ ಅಪಾಯ. ವಾಂತಿ ಆಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಸ್ಟೀರಾಯ್ಡ್ ಮೇಲೆ ಇರುವ ಮಗು ಅಂತ ಮೊದಲೇ ಹೇಳಿ.


ಪಾವಗಡ ಅಪ್ಪ
ಮಂಗಳವಾರ ಬೆಳಿಗ್ಗೆ 6:20

ನಮ್ಮ ಕಡೆ ಒಬ್ಬರು ನಾಟಿ ಪುಡಿ ಕೊಡುತ್ತಾರೆ, ಹದಿನೈದು ದಿನಕ್ಕೆ ಮಗು ಚುರುಕಾಗುತ್ತದೆ ಅನ್ನುತ್ತಾರೆ. ಯಾರಾದರೂ ಕೊಟ್ಟಿದ್ದೀರಾ?


ತುರುವೇಕೆರೆ ಫಾರ್ಮಸಿಸ್ಟ್
ಮಂಗಳವಾರ ಬೆಳಿಗ್ಗೆ 7:15

ಹದಿನೈದು ದಿನಕ್ಕೆ ಚುರುಕಾದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದೆಯಾ ಅಂತಲೇ ನನಗೆ ಮೊದಲು ಅನುಮಾನ ಬರುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಹಾಗೆ ಬೆರೆಸುವುದು ಹಿಂದೆ ಸಿಕ್ಕಿಬಿದ್ದಿದೆ. ಎಷ್ಟು ಹೋಗುತ್ತಿದೆ ಅಂತ ಗೊತ್ತಾಗುವುದಿಲ್ಲ, ಪುಡಿ ಮುಗಿದ ದಿನ ಹಠಾತ್ ನಿಂತ ಹಾಗೆ ಆಗುತ್ತದೆ. ಬೇಡ ಸರ್. ಮಗುವನ್ನು ನಿಮ್ಹಾನ್ಸ್‌ಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಒಂದು ಸಲ ತೋರಿಸಿ.


ತುಮಕೂರು ಫಿಸಿಯೋ
ಮಂಗಳವಾರ ಮಧ್ಯಾಹ್ನ 2:40

ಎಲ್ಲರೂ ರಕ್ತದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ನೆಲದ ಬಗ್ಗೆ ಹೇಳುತ್ತೇನೆ.

ಈಗ ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಅಳತೆ ಇದು. ಮಗು ಬರೀ ನೆಲದ ಮೇಲೆ ಅಂಗಾತ ಮಲಗಬೇಕು. ಚಾಪೆ ಬೇಡ, ಕಾಲು ಜಾರುತ್ತದೆ. ಚಪ್ಪಲಿ, ಕಾಲುಚೀಲ ಬೇಡ. "ಏಳು" ಅಂದ ಕೂಡಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಅವನು ಪಕ್ಕಕ್ಕೆ ಹೊರಳಿ, ಕೈಯೂರಿ, ಸೊಂಟ ಎತ್ತಿ, ಮಂಡಿ ಮೇಲೆ ಕೈಯಿಟ್ಟು ತನ್ನ ತೊಡೆಯನ್ನೇ ಹತ್ತುವ ಹಾಗೆ ಏಳುತ್ತಾನೆ. ಪೂರ್ತಿ ನೆಟ್ಟಗೆ ನಿಂತು ಕೈ ಪಕ್ಕಕ್ಕೆ ಬಂದಾಗ ನಿಲ್ಲಿಸಿ. ಗೋಡೆ ಹಿಡಿದರೆ, ಕುರ್ಚಿ ಹಿಡಿದರೆ ಅದನ್ನೂ ಬರೆಯಿರಿ. ತಿಂಗಳಿಗೆ ಒಂದೇ ಸಲ ಸಾಕು. ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ. ದಿನಾ ಮಾಡಿ ಮಗುವಿಗೆ ಪರೀಕ್ಷೆ ಅನ್ನಿಸುವ ಹಾಗೆ ಮಾಡಬೇಡಿ.

ಈ ಸೆಕೆಂಡುಗಳು ಬಹಳ ಹೇಳುತ್ತವೆ. ಏಳುವುದಕ್ಕೆ 10 ಸೆಕೆಂಡ್ ದಾಟಿತು ಅಂದರೆ ನಡಿಗೆ ಕಷ್ಟವಾಗುವ ದಿನ ಹತ್ತಿರ ಬರುತ್ತಿದೆ ಅಂತ ಲೆಕ್ಕ. ಔಷಧಿ ಪರೀಕ್ಷೆಗಳಲ್ಲೂ ಇದನ್ನೇ ಅಳೆಯುತ್ತಾರೆ. ಇದರ ಜೊತೆಗೆ ನಾವು ನಾರ್ತ್ ಸ್ಟಾರ್ ಅನ್ನುವ 17 ಅಂಶದ ಪರೀಕ್ಷೆ ಮಾಡುತ್ತೇವೆ, 34 ಅಂಕ ಪೂರ್ತಿ. ಅದಕ್ಕೆ ಕಲಿತವರು ಬೇಕು.

ಶಿರಾ ಅಮ್ಮ, ಒಂದು ಎಚ್ಚರ. ನಿಮ್ಮ ಮಗನಿಗೆ 6. ಈ ಮಕ್ಕಳು ಸುಮಾರು 7 ವರ್ಷದವರೆಗೆ ಬೆಳವಣಿಗೆಯ ಬಲದಿಂದಲೂ ಸುಧಾರಿಸುತ್ತಾರೆ. ಮೆಟ್ಟಿಲು ಹತ್ತಿದ್ದರಲ್ಲಿ ಮಾತ್ರೆಯ ಪಾಲೂ ಇದೆ, ವಯಸ್ಸಿನ ಪಾಲೂ ಇದೆ. ಅಕ್ಕನ ಮಗನಿಗೆ ಒಂಬತ್ತೂವರೆ. ಆ ವಯಸ್ಸಿನ ಮಗುವನ್ನು ಈ ವಯಸ್ಸಿನ ಮಗುವಿನ ಪಕ್ಕ ನಿಲ್ಲಿಸಿ ಒಬ್ಬನಿಗೆ ಹಿಡಿಯಿತು, ಇನ್ನೊಬ್ಬನಿಗೆ ಹಿಡಿಯಲಿಲ್ಲ ಅಂತ ಹೇಳಬಾರದು. ಒಂಬತ್ತರಲ್ಲಿ ಇದ್ದ ಹಾಗೇ ಇದ್ದರೂ ಅದು ಮಾತ್ರೆ ಮಾಡಿದ ಕೆಲಸ.


ಕೊರಟಗೆರೆ 23
ಮಂಗಳವಾರ ರಾತ್ರಿ 9:05

ನನಗೆ 23 ವರ್ಷ, ನನಗೂ ಡಿಎಂಡಿ. ಹೆಬ್ಬೆರಳಲ್ಲಿ ಟೈಪ್ ಮಾಡುತ್ತೇನೆ, ನಿಧಾನ ಆಗುತ್ತದೆ.

ಇಲ್ಲಿ ಎಲ್ಲರೂ "ಹಿಡಿಯಿತಾ" ಅಂದರೆ "ನಡೆಯುತ್ತಾನಾ" ಅಂತ ಅರ್ಥ ಮಾಡಿಕೊಂಡಿದ್ದೀರಿ. ನಾನು 12ಕ್ಕೆ ನಡಿಗೆ ನಿಲ್ಲಿಸಿದೆ. ಆಗ ಸಂಬಂಧಿಕರು ಇನ್ನು ಮಾತ್ರೆ ಯಾಕೆ ಅಂದರು. ನಮ್ಮ ಅಮ್ಮ ನಿಲ್ಲಿಸಲಿಲ್ಲ. ಡಾಕ್ಟರ್ ಡೋಸ್ ಸ್ವಲ್ಪ ಬದಲಿಸಿದರು. ಇವತ್ತು ನಾನೇ ಮುದ್ದೆ ಮುರಿದು ಬಾಯಿಗೆ ಇಟ್ಟುಕೊಳ್ಳುತ್ತೇನೆ. ಬೆನ್ನು ನೆಟ್ಟಗಿದೆ. ನನ್ನ ಮಟ್ಟಿಗೆ ಹಿಡಿದಿದೆ.

440 ಜನರನ್ನು ಹತ್ತು ವರ್ಷದವರೆಗೆ ನೋಡಿದ ಅಧ್ಯಯನ 2018ರಲ್ಲಿ ಬಂದಿದೆ, ನಾನು ಓದಿದ್ದೇನೆ. ಒಂದು ವರ್ಷಕ್ಕಿಂತ ಜಾಸ್ತಿ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ನಡಿಗೆ, ಏಳುವುದು ಇಂಥವು 2.1ರಿಂದ 4.4 ವರ್ಷ ಮುಂದಕ್ಕೆ ಹೋದವು. ಕೈ ಬಾಯಿಗೆ ತರುವುದು, ಕೈ ಮೇಲೆತ್ತುವುದು ಇಂಥವು 2.8ರಿಂದ 8 ವರ್ಷ ಮುಂದಕ್ಕೆ ಹೋದವು. ಮಾರ್ಕರ್ ಹುಡುಕುವವರು ಕೈಯನ್ನೂ ಅಳೆಯಲಿ ಅಂತ ನನ್ನ ಆಸೆ. ಕಾಲಿಗಿಂತ ಕೈ ಜೊತೆಗೆ ನಾವು ಜಾಸ್ತಿ ವರ್ಷ ಬದುಕುತ್ತೇವೆ.

ತಿಪಟೂರು ಅಣ್ಣ, ನಿಮ್ಮ ಮಗನಿಗೆ ನನ್ನ ನಮಸ್ಕಾರ ಹೇಳಿ. ಅವನು ಚೆಸ್ ಆಡುತ್ತಾನಾ?


ತಿಪಟೂರು ಅಣ್ಣ
ಮಂಗಳವಾರ ರಾತ್ರಿ 9:40

ಆಡುತ್ತಾನಪ್ಪ. ನಿನ್ನ ಮೆಸೇಜ್ ಓದಿ ಹೇಳಿದೆ. "ಸೋಲೋಕೆ ರೆಡಿ ಇರು ಅಂತ ಹೇಳು" ಅಂದ. ನಾಳೆ ಅವನೇ ಮೆಸೇಜ್ ಮಾಡುತ್ತಾನೆ.


ಕುಣಿಗಲ್ ಅಮ್ಮ
ಬುಧವಾರ ಬೆಳಿಗ್ಗೆ 11:00

ನನ್ನ ಮಗನಿಗೆ 4 ವರ್ಷ. ಹೋದ ತಿಂಗಳು ಗೊತ್ತಾಯಿತು. ಇನ್ನೂ ಸ್ಟೀರಾಯ್ಡ್ ಶುರು ಮಾಡಿಲ್ಲ. ಇದೆಲ್ಲ ಓದಿದ ಮೇಲೆ ಒಂದು ಅನ್ನಿಸಿತು. ಮೊದಲೇ ಹೇಳುವ ಮಾರ್ಕರ್ ಬರುವವರೆಗೆ ಕಾಯಬಹುದಾ? ಇವನಿಗೆ ಹಿಡಿಯದೇ ಹೋದರೆ ಸುಮ್ನೆ ಬೆಳವಣಿಗೆ ಯಾಕೆ ಕುಂಠಿತ ಮಾಡಬೇಕು?


ಗುಬ್ಬಿ ಹುಡುಗ
ಬುಧವಾರ ರಾತ್ರಿ 10:30

ಕಾಯಬೇಡಿ ಅಕ್ಕ. ಯಾಕೆ ಅಂತ ಹೇಳುತ್ತೇನೆ.

ಮೊದಲೇ ಹೇಳುವ ಮಾರ್ಕರ್ ಗಟ್ಟಿಯಾಗಿ ಸಿಗಲು ಏನು ಬೇಕು ನೋಡಿ. ಮಾತ್ರೆ ಶುರು ಮಾಡುವ ಮೊದಲು ತೆಗೆದ ರಕ್ತ ಬೇಕು. ಆಮೇಲೆ ಆ ಮಗುವನ್ನು ವರ್ಷಗಟ್ಟಲೆ ಒಂದೇ ರೀತಿ ಅಳೆದ ಲೆಕ್ಕ ಬೇಕು. ಜೊತೆಗೆ, ಅದೇ ಮಾರ್ಕರ್ ಇದ್ದೂ ಮಾತ್ರೆ ತೆಗೆದುಕೊಳ್ಳದ ಮಕ್ಕಳೂ ಬೇಕು. ಇಲ್ಲದಿದ್ದರೆ ಆ ಮಾರ್ಕರ್ ಮಾತ್ರೆಯ ಬಗ್ಗೆ ಹೇಳುತ್ತಿದೆಯೋ, ಕಾಯಿಲೆ ಹೇಗೂ ನಿಧಾನವಾಗಿದ್ದ ಮಗು ಅಂತ ಹೇಳುತ್ತಿದೆಯೋ ಬೇರ್ಪಡಿಸಲು ಆಗುವುದಿಲ್ಲ. ಆದರೆ ಲಾಭ ಇದೆ ಅಂತ ಗೊತ್ತಿರುವ ಔಷಧಿಯನ್ನು ಬರೀ ಹೋಲಿಕೆಗಾಗಿ ಮಕ್ಕಳಿಗೆ ವರ್ಷಗಟ್ಟಲೆ ಕೊಡದೆ ಇರುವುದು ತಪ್ಪು. ಯಾರೂ ಮಾಡುವುದಿಲ್ಲ, ಮಾಡಲೂಬಾರದು. ಅದಕ್ಕೇ ಈ ಕೆಲಸ ನಿಧಾನ. ಬುದ್ಧಿ ಕಡಿಮೆ ಆಗಿ ಅಲ್ಲ.

ಎಂಆರ್‌ಐನಲ್ಲಿ ತೊಡೆಯ ಸ್ನಾಯುವಿನೊಳಗೆ ಕೊಬ್ಬು ಎಷ್ಟು ತುಂಬಿದೆ ಅಂತ ಅಳೆಯುತ್ತಾರೆ. ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳಲ್ಲಿ ಅದು ನಿಧಾನವಾಗಿ ತುಂಬುವುದು ಕಂಡಿದೆ. ಒಳ್ಳೆಯ ಅಳತೆ. ಆದರೆ ಅದೂ ಶುರು ಮಾಡಿದ ಮೇಲಿನ ಅಳತೆಯೇ.

ಅಡ್ಡ ಪರಿಣಾಮದ ಭಯ ನ್ಯಾಯವಾದದ್ದು. ಅಲ್ಲಿ ಮಾರ್ಕರ್‌ಗಳು ಈಗಲೇ ಒಂದು ಒಳ್ಳೆಯ ಕೆಲಸ ಮಾಡಿವೆ. ವಾಮೊರೊಲೋನ್ ಅನ್ನುವ ಹೊಸ ಔಷಧಿಗೆ 2023ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಪರೀಕ್ಷೆಯಲ್ಲಿ ಪ್ರೆಡ್ನಿಸೋನ್ ತೆಗೆದುಕೊಂಡ ಹುಡುಗರ ರಕ್ತದಲ್ಲಿ ಮೂಳೆ ಕಟ್ಟುವುದನ್ನು ತೋರಿಸುವ ಆಸ್ಟಿಯೋಕ್ಯಾಲ್ಸಿನ್ ಥರದ ಮಾರ್ಕರ್‌ಗಳು ಇಳಿದವು, ಎತ್ತರ ಕುಗ್ಗಿತು. ವಾಮೊರೊಲೋನ್ ಗುಂಪಿನಲ್ಲಿ ಹಾಗೆ ಆಗಲಿಲ್ಲ. ಯಾರಿಗೆ ಹಿಡಿಯುತ್ತದೆ ಅನ್ನುವುದಕ್ಕಿಂತ ಮೊದಲು, ಯಾರಿಗೆ ಯಾವ ತೊಂದರೆ ಆಗುತ್ತಿದೆ ಅಂತ ರಕ್ತ ಬೇಗ ಹೇಳಬಹುದು ಅಂತ ನನ್ನ ನಂಬಿಕೆ.

ನೀವು ಮಾಡಬಹುದಾದ ಒಂದು ಕೆಲಸ ಇದೆ. ನಮ್ಮಲ್ಲಿ ಜಾಸ್ತಿ ಮಕ್ಕಳ ರಕ್ತ ಮಾತ್ರೆ ಶುರುವಾದ ಮೇಲೆಯೇ ಸಿಗುತ್ತದೆ. ನಿಮ್ಮ ಮಗ ಇನ್ನೂ ಶುರು ಮಾಡಿಲ್ಲ. ತೋರಿಸುವ ಕಡೆ ಸಂಶೋಧನೆಗೆ ರಕ್ತ ಇಡುವ ವ್ಯವಸ್ಥೆ ಇದೆಯಾ ಅಂತ ಕೇಳಿ. ಇದ್ದರೆ ಮೊದಲ ಮಾತ್ರೆಗೆ ಮುಂಚೆ ಕೊಡಿ. ಅದರಿಂದ ನಿಮ್ಮ ಮಗನಿಗೆ ನಾಳೆಯೇ ಲಾಭ ಆಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಇಷ್ಟವಿಲ್ಲದಿದ್ದರೆ ಬೇಡ ಅನ್ನುವ ಹಕ್ಕೂ ನಿಮಗಿದೆ.


ತುಮಕೂರು ಫಿಸಿಯೋ
ಗುರುವಾರ ಬೆಳಿಗ್ಗೆ 8:15

ಕುಣಿಗಲ್ ಅಮ್ಮ, ಸ್ಟೀರಾಯ್ಡ್‌ಗೆ ಮೊದಲು ಲಸಿಕೆ ಚೀಟಿ ತೆಗೆದುಕೊಂಡು ಹೋಗಿ. ಚಿಕನ್‌ಪಾಕ್ಸ್ ಲಸಿಕೆ ಆಗಿದೆಯಾ ನೋಡಿಸಿ. ಶುರುವಾದ ಮೇಲೆ ಅಂಥ ಲಸಿಕೆ ಕೊಡುವುದು ಕಷ್ಟ. ರಾಗಿ ಕೊಡಿ, ನೂರು ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ವಿಟಮಿನ್ ಡಿ ಅದರಲ್ಲಿಲ್ಲ, ಅದನ್ನು ಡಾಕ್ಟರ್ ಹೇಳಿದ ಹಾಗೆ ಬೇರೆ ಕೊಡಬೇಕು. ಹಸಿವು ಬಹಳ ಆಗುತ್ತದೆ. ಮನೆಯಲ್ಲಿ ಬೇಕರಿ ತಿಂಡಿ ತಂದಿಡುವುದನ್ನು ಈಗಲೇ ನಿಲ್ಲಿಸಿ, ಮನೆಯವರೆಲ್ಲ ಸೇರಿ.


ಶಿರಾ ಅಮ್ಮ
ಮೂರು ತಿಂಗಳ ನಂತರ, ಶನಿವಾರ ಸಂಜೆ 5:30

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಅಕ್ಕನ ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು. ಕಣ್ಣು, ಹೃದಯ, ಮೂಳೆ, ಸಕ್ಕರೆ ಎಲ್ಲ ನೋಡಿದರು. ಕಣ್ಣಲ್ಲಿ ಪೊರೆ ಶುರುವಾಗಿದೆ, ಈಗ ತೊಂದರೆ ಇಲ್ಲ, ಆರು ತಿಂಗಳಿಗೊಮ್ಮೆ ನೋಡಬೇಕು. ಡೋಸ್ ಒಂದೇ ಸಲ ಏರಿಸಲಿಲ್ಲ. ಮೊದಲು 24, ಭಾನುವಾರವೂ ಕೊಡಬೇಕು ಅಂದರು.

ಹೋಗುವ ಮೊದಲು ನೆಲದಿಂದ ಏಳಲು 8.9 ಸೆಕೆಂಡ್ ಬೇಕಿತ್ತು. ಈ ತಿಂಗಳು 8.8. ಅಕ್ಕ ಬೇಜಾರು ಮಾಡಿಕೊಂಡಳು, ಇಳಿಯಲೇ ಇಲ್ಲವಲ್ಲ ಅಂತ. ಫಿಸಿಯೋ ಮೇಡಂ ಹೇಳಿದ ಮಾತು ಓದಿ ತೋರಿಸಿದೆ. ಬೀಳುವುದು ವಾರಕ್ಕೆ ಮೂರು ನಾಲ್ಕು ಸಲಕ್ಕೆ ಬಂದಿದೆ. ಅದನ್ನೂ ಬರೆದಿಡುತ್ತಿದ್ದಾಳೆ. ನನ್ನ ಮಗನದು 4.1. ಸಿಪಿಕೆ ಮತ್ತೆ ಮಾಡಿಸಲಿಲ್ಲ.


ಕುಣಿಗಲ್ ಅಮ್ಮ
ಶನಿವಾರ ರಾತ್ರಿ 8:50

ನಾನೂ ಬರೆಯುತ್ತೇನೆ. ಲಸಿಕೆ ಬಾಕಿ ಇತ್ತು, ಅದು ಮುಗಿಸಿ ಕಾಯಬೇಕಾಯಿತು. ಆಸ್ಪತ್ರೆಯಲ್ಲಿ ರಕ್ತ ಇಡುವ ವಿಷಯ ಕೇಳಿದೆ. ಇದೆ ಅಂದರು. ಕನ್ನಡದಲ್ಲೇ ನಾಲ್ಕು ಪುಟ ಒಪ್ಪಿಗೆ ಪತ್ರ ಕೊಟ್ಟರು. ನಾನೂ ನಮ್ಮೆಜಮಾನರೂ ಪೂರ್ತಿ ಓದಿ, ಎರಡು ಕಡೆ ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದೆವು. ಮಗ ಸೂಜಿಗೆ ಅತ್ತ. ಟ್ಯೂಬಿನ ಮೇಲೆ ಚೀಟಿ ಅಂಟಿಸುವಾಗ ಸುಮ್ಮನಾಗಿ ನೋಡುತ್ತಿದ್ದ, ಅದು ತನಗೂ ಬೇಕು ಅಂದ. ನರ್ಸ್ ಒಂದು ಖಾಲಿ ಚೀಟಿ ಅವನ ಅಂಗಿಗೆ ಅಂಟಿಸಿದರು.

ಇವತ್ತು ಬೆಳಿಗ್ಗೆ ಇಡ್ಲಿ ತಿಂದ ಮೇಲೆ ಮೊದಲನೇ ಸಲ ಮಾತ್ರೆ ಕೊಟ್ಟೆ, 6ರ ಎರಡು. ಪುಸ್ತಕದಲ್ಲಿ ಮೊದಲನೇ ಸಾಲು ಬರೆದಿದ್ದೇನೆ: ತೂಕ 14 ಕೆಜಿ, ಎತ್ತರ 98 ಸೆಂ.ಮೀ., ನೆಲದಿಂದ ಏಳಲು 4.6 ಸೆಕೆಂಡ್, ಏನೂ ಹಿಡಿದುಕೊಳ್ಳಲಿಲ್ಲ.